ಭಾಷೆಯ ವಾರಸುದಾರರು ತರಗತಿಯ ಹೊರಗಿದ್ದರೆ...

ನಮ್ಮ ಜನಗಣತಿಯ ಪ್ರಕಟಿತ ಪಟ್ಟಿಯಲ್ಲಿ ಒಂದು ಭಾಷೆಗೆ ಸ್ಥಾನ ದೊರೆಯಬೇಕಾದರೆ ಅದನ್ನು ಆಡುವವರ ಸಂಖ್ಯೆ 10,000ವನ್ನಾದರೂ ತಲುಪಿರಬೇಕು. 2011ರ ಗಣತಿಯಲ್ಲಿ ಈ ಹೊಸ್ತಿಲು ದಾಟಿದ ಭಾಷೆಗಳು 121. ಉಳಿದವುಗಳೆಲ್ಲ 'ಇತರ' ಎಂಬ ಒಂದೇ ಸಾಲಿನಲ್ಲಿ ಕರಗಿಹೋದವು. ಪ್ರಜಾಪ್ರಭುತ್ವದಲ್ಲಿ ತಲೆಯೆಣಿಕೆ ಅನಿವಾರ್ಯವೆಂಬುದು ನಿಜ. ಆದರೆ ತಲೆಗಳು ಕಡಿಮೆ ಎಂಬ ಕಾರಣಕ್ಕೆ ಒಂದು ಸಮುದಾಯದ ಮಾತಿಗೆ ಹೆಸರೇ ಇಲ್ಲವಾಗುವುದು ಯಾವ ನ್ಯಾಯ?

ಇದಕ್ಕೆ ಉದಾಹರಣೆ ಹುಡುಕುತ್ತಾ ದೂರ ಹೋಗಬೇಕಾಗಿಲ್ಲ. ದಕ್ಷಿಣ ಕನ್ನಡ, ಉಡುಪಿ ಹಾಗೂ ಕಾಸರಗೋಡಿನ ಆಸುಪಾಸಿನಲ್ಲಿ ಬದುಕುತ್ತಿರುವ ಕೊರಗರ ಒಟ್ಟು ಜನಸಂಖ್ಯೆ 2011ರಲ್ಲಿ ಸುಮಾರು 16 ಸಾವಿರ. ಹೊರಗೆ ಅವರ ವ್ಯವಹಾರ ತುಳುವಿನಲ್ಲಿ. ಅವರದೇ ಆದ ಕೊರಗ ಭಾಷೆ ಒಳಮನೆಯ ಮಾತಾಗಿ, ಅಲ್ಲಿಯೂ ಕ್ಷೀಣಿಸುತ್ತಾ ಉಳಿದಿದೆ. ಯುನೆಸ್ಕೋ 2009ರಲ್ಲಿ ಅಪಾಯದಲ್ಲಿರುವ ಭಾಷೆಗಳ ಪಟ್ಟಿ ಪ್ರಕಟಿಸಿದಾಗ ಅದರಲ್ಲಿ ಭಾರತದ 190ಕ್ಕೂ ಹೆಚ್ಚು ಭಾಷೆಗಳಿದ್ದವು; ಕೊರಗವೂ ಅವುಗಳಲ್ಲೊಂದು. ಈ ಜನರನ್ನು ಅಮಾನುಷವಾಗಿ ನಡೆಸಿಕೊಳ್ಳುತ್ತಿದ್ದ ಅಜಲು ಪದ್ಧತಿಯನ್ನು ನಿಷೇಧಿಸಲು ಕರ್ನಾಟಕಕ್ಕೆ 2000ನೇ ಇಸವಿಯ ಕಾಯ್ದೆ ಬೇಕಾಯಿತು. ಮನುಷ್ಯನನ್ನೇ ಕೀಳಾಗಿ ಕಂಡ ಸಮಾಜ ಅವನ ಮಾತನ್ನು ಗೌರವಿಸೀತೇ? ಅವಮಾನಕ್ಕೊಳಗಾದವನು ಮೊದಲು ಬಚ್ಚಿಡುವುದು ತನ್ನ ಭಾಷೆಯನ್ನು. ಮಕ್ಕಳಿಗೆ ಕಲಿಸದಿರುವುದು ಅದರ ಮುಂದಿನ ಹಂತ.

ವಿದ್ವಾಂಸರು ಸುಮ್ಮನಿದ್ದರೆಂದು ಹೇಳುವಂತಿಲ್ಲ. ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ಕೊರಗ ಭಾಷೆಯ ಕುರಿತು ಬರೆದ ಗ್ರಂಥವನ್ನು ಪುಣೆಯ ಡೆಕ್ಕನ್ ಕಾಲೇಜು 1971ರಲ್ಲೇ ಪ್ರಕಟಿಸಿತು. ಅದರ ಒಳಭೇದಗಳನ್ನೂ ಅವರು ಗುರುತಿಸಿದರು. ಆದರೆ ಗ್ರಂಥಾಲಯದ ಕಪಾಟಿನಲ್ಲಿ ವ್ಯಾಕರಣವಿದ್ದ ಮಾತ್ರಕ್ಕೆ ಭಾಷೆ ಮಗುವಿನ ನಾಲಗೆಗೆ ಬರುವುದಿಲ್ಲ. ಬರಬೇಕಾದರೆ ಆ ವ್ಯಾಕರಣವನ್ನು ಓದಿ, ತಿದ್ದಿ, ಪಾಠವಾಗಿಸಬಲ್ಲವರು ಆ ಸಮುದಾಯದೊಳಗೇ ಇರಬೇಕು.

ಇದು ಬರಿಯ ಆಶಯವಲ್ಲ, ಇದಕ್ಕೆ ನಿದರ್ಶನವಿದೆ. ಅಮೆರಿಕದ ಮ್ಯಾಸಚೂಸೆಟ್ಸ್‌ನ ಮೂಲನಿವಾಸಿಗಳಾದ ವಾಂಪನೋಗ್ ಜನರ ಭಾಷೆಯನ್ನು ಒಂದೂವರೆ ಶತಮಾನ ಕಾಲ ಆಡುವವರೇ ಇರಲಿಲ್ಲ. ಉಳಿದಿದ್ದುದು 1663ರಲ್ಲಿ ಮುದ್ರಣವಾದ ಬೈಬಲ್ ಅನುವಾದ ಮತ್ತು ಪೂರ್ವಜರು ಬರೆದಿಟ್ಟ ಜಮೀನು ಪತ್ರಗಳು, ಉಯಿಲುಗಳು. ಅದೇ ಜನಾಂಗದ ಜೆಸ್ಸಿ ಲಿಟಲ್ ಡೋ ಬೇರ್ಡ್ ಎಂಬ ಮಹಿಳೆ ಎಂ.ಐ.ಟಿ. ವಿಶ್ವವಿದ್ಯಾಲಯದಲ್ಲಿ ಕೆನ್ ಹೇಲ್ ಎಂಬ ಪ್ರಾಧ್ಯಾಪಕರ ಬಳಿ ಭಾಷಾವಿಜ್ಞಾನ ಕಲಿತು 2000ದಲ್ಲಿ ಸ್ನಾತಕೋತ್ತರ ಪದವಿ ಪಡೆದರು. ಸೋದರ ಭಾಷೆಗಳೊಂದಿಗೆ ಹೋಲಿಸಿ ಹಳೆಯ ಬರಹದ ಉಚ್ಚಾರಣೆಯನ್ನು ಕಂಡುಕೊಂಡರು. ನಿಘಂಟು ಕಟ್ಟಿದರು, ತರಗತಿ ನಡೆಸಿದರು. ಅಷ್ಟು ತಲೆಮಾರುಗಳ ನಂತರ ಆ ಭಾಷೆಯನ್ನು ಮಾತೃಭಾಷೆಯಾಗಿ ಆಡಿದ ಮೊದಲ ಮಗು ಅವರ ಮಗಳು. ಮೌನವಾಗಿದ್ದ ಭಾಷೆಗೇ ಇದು ಸಾಧ್ಯವಾದರೆ, ಆಡುವ ಹಿರಿಯರಿನ್ನೂ ಇರುವ ಭಾಷೆಗೆ ಏಕೆ ಸಾಧ್ಯವಿಲ್ಲ?

ಮಾತೃಭಾಷೆಯನ್ನು ಕಾಪಾಡಲು ಅಭಿಮಾನ ಸಾಕು, ವಿಶ್ವವಿದ್ಯಾಲಯದ ಪದವಿಯೇಕೆ ಎಂದು ಕೇಳಬಹುದು. ನಮ್ಮ ನಡುವಿನ ತುಳುವನ್ನೇ ನೋಡಿ. 'ನಾನು ಮಾಡುತ್ತೇನೆ', 'ಅವನು ಮಾಡುತ್ತಾನೆ' ಎಂಬ ಎರಡೂ ಕ್ರಿಯಾರೂಪಗಳನ್ನು ಕನ್ನಡ ಲಿಪಿಯಲ್ಲಿ 'ಮಲ್ಪುವೆ' ಎಂದೇ ಬರೆಯಬೇಕಾಗುತ್ತದೆ. ಆಡುವಾಗ ಕೊನೆಯ ಸ್ವರ ಬೇರೆ, ಆದ್ದರಿಂದಲೇ ಅರ್ಥವೂ ಬೇರೆ. ಯಾವ ಧ್ವನಿಯ ವ್ಯತ್ಯಾಸ ಅರ್ಥವನ್ನು ಬದಲಿಸುತ್ತದೆ, ಅದಕ್ಕೆ ಯಾವ ಚಿಹ್ನೆ ಬೇಕು ಎಂಬುದನ್ನು ನಿರ್ಧರಿಸದೆ ಒಂದನೇ ತರಗತಿಯ ಪಾಠಪುಸ್ತಕವನ್ನೂ ಸರಿಯಾಗಿ ಬರೆಯಲಾಗದು. ಇದು ಶಾಸ್ತ್ರದ ಕೆಲಸ. ಅಭಿಮಾನ ಅದಕ್ಕೆ ಪ್ರೇರಣೆಯಾದೀತೇ ಹೊರತು ಪರ್ಯಾಯವಾಗದು.

ಇನ್ನೊಂದು ಆಕ್ಷೇಪವನ್ನು ಮಾತ್ರ ಸುಲಭವಾಗಿ ತಳ್ಳಿಹಾಕುವಂತಿಲ್ಲ. ಬುಟ್ಟಿ ಹೆಣೆದು ಹೊಟ್ಟೆ ಹೊರೆಯುವ ಮನೆಯಿಂದ ಕಾಲೇಜಿಗೆ ಬಂದ ಹುಡುಗಿಗೆ ಕೆಲಸ ಬೇಕು. ಬಿ.ಎಡ್., ನರ್ಸಿಂಗ್ ಬಿಟ್ಟು ಭಾಷಾವಿಜ್ಞಾನ ಓದು ಎಂದು ಉಪದೇಶಿಸುವ ನೈತಿಕ ಹಕ್ಕು ಹೊಟ್ಟೆ ತುಂಬಿದ ನಮಗಿದೆಯೇ? ಖಂಡಿತ ಇಲ್ಲ. ಭಾಷೆಯ ಹೊರೆಯನ್ನು ಬಡವರ ಮಕ್ಕಳ ತಲೆಗೆ ಹೊರಿಸಿ, ಅದರ ಕೀರ್ತಿಯನ್ನು ನಾಡು ಹಂಚಿಕೊಳ್ಳುವುದು ಇನ್ನೊಂದು ಬಗೆಯ ಶೋಷಣೆ. ಆದ್ದರಿಂದ ಆ ಓದಿಗೆ ಅನ್ನವನ್ನೂ ಜೋಡಿಸುವ ಜವಾಬ್ದಾರಿ ಸರಕಾರದ್ದು.

ಸಂವಿಧಾನದ 29ನೇ ವಿಧಿ ತನ್ನದೇ ಭಾಷೆಯುಳ್ಳ ಪ್ರತಿಯೊಂದು ಜನವರ್ಗಕ್ಕೂ ಅದನ್ನು ಉಳಿಸಿಕೊಳ್ಳುವ ಹಕ್ಕು ನೀಡಿದೆ. 350ಎ ವಿಧಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಶಿಕ್ಷಣದ ಸೌಲಭ್ಯ ಒದಗಿಸಬೇಕೆನ್ನುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಮಾತೃಭಾಷೆಯ ಗುಣಗಾನ ಮಾಡಿದೆ. ಕಲಿಸುವವರನ್ನು ತಯಾರಿಸದೆ ಇವುಗಳಿಗೆಲ್ಲ ಅರ್ಥವೇನು? 1969ರಲ್ಲಿ ಸ್ಥಾಪನೆಯಾದ ಭಾರತೀಯ ಭಾಷಾ ಸಂಸ್ಥಾನ ನಮ್ಮ ಮೈಸೂರಿನಲ್ಲೇ ಇದೆ. 10,000ಕ್ಕಿಂತ ಕಡಿಮೆ ಜನರಾಡುವ ಭಾಷೆಗಳನ್ನು ದಾಖಲಿಸುವ ಕೇಂದ್ರದ ಯೋಜನೆ 2013ರಲ್ಲಿ ಅದರ ಹೆಗಲೇರಿತು. ಅಂತಹ ಯೋಜನೆಗಳಲ್ಲಿ ಬುಡಕಟ್ಟಿನ ಯುವಕ ಯುವತಿಯರು ಬರಿಯ ಮಾಹಿತಿದಾರರಾಗಿ ಉಳಿಯಬಾರದು, ಸಂಶೋಧಕರಾಗಿ ಸಂಬಳ ಪಡೆಯಬೇಕು. ನಮ್ಮ ವಿಶ್ವವಿದ್ಯಾಲಯಗಳು ಭಾಷಾವಿಜ್ಞಾನದಲ್ಲಿ ಕೊರಗ, ಜೇನುಕುರುಬ, ಯರವ ಸಮುದಾಯಗಳಿಗೆ ಪೂರ್ಣ ವಿದ್ಯಾರ್ಥಿವೇತನದ ಸೀಟುಗಳನ್ನು ಮೀಸಲಿಡಬೇಕು. ಕಲಿತು ಬಂದವರಿಗೆ ಅಂಗನವಾಡಿ, ಆಶ್ರಮಶಾಲೆಗಳಲ್ಲಿ ಭಾಷಾ ಶಿಕ್ಷಕರ ಹುದ್ದೆ ಸೃಷ್ಟಿಯಾಗಬೇಕು.

ಕೊರಗ ಭಾಷೆಯನ್ನು ಚೆನ್ನಾಗಿ ಬಲ್ಲ ಹಿರಿಯರು ಒಬ್ಬೊಬ್ಬರಾಗಿ ಕಣ್ಮುಚ್ಚುತ್ತಿದ್ದಾರೆ. ಅವರಿಂದ ಕೇಳಿ ಬರೆದುಕೊಳ್ಳಬಲ್ಲ ಮೊಮ್ಮಕ್ಕಳು ಇಂದೇ ತರಗತಿಯೊಳಗೆ ಕುಳಿತಿರಬೇಕು. ಅವರು ಬರುವ ದಾರಿಯನ್ನು ತೆರೆಯದೆ, ಭಾಷೆ ಅಳಿಯಿತೆಂದು ನಾಳೆ ಶೋಕಿಸುವುದರಲ್ಲಿ ಯಾವ ಪ್ರಾಮಾಣಿಕತೆಯಿದೆ?