ಹಂಚಿದವರ ಕೈಗೆ ಕೋಳ ಬೇಡ

2012ರ ಏಪ್ರಿಲ್‌ನಲ್ಲಿ ಕೋಲ್ಕತ್ತದ ಜಾದವಪುರ ವಿಶ್ವವಿದ್ಯಾಲಯದ ರಸಾಯನವಿಜ್ಞಾನ ಪ್ರಾಧ್ಯಾಪಕ ಅಂಬಿಕೇಶ್ ಮಹಾಪಾತ್ರ ಒಂದು ವ್ಯಂಗ್ಯಚಿತ್ರವನ್ನು ತಮ್ಮ ವಸತಿ ಸಂಘದ ಸದಸ್ಯರಿಗೆ ಇಮೇಲ್‌ನಲ್ಲಿ ಕಳಿಸಿದರು. ರೈಲ್ವೆ ಸಚಿವ ದಿನೇಶ್ ತ್ರಿವೇದಿಯವರನ್ನು ಇಳಿಸಿ ಮುಕುಲ್ ರಾಯ್ ಅವರನ್ನು ಆ ಕುರ್ಚಿಯಲ್ಲಿ ಕೂರಿಸಿದ ಮಮತಾ ಬ್ಯಾನರ್ಜಿಯವರ ನಡೆಯನ್ನು ಸತ್ಯಜಿತ್ ರಾಯ್ ಅವರ ‘ಸೋನಾರ್ ಕೆಲ್ಲಾ’ ಸಿನಿಮಾಕ್ಕೆ ತಳುಕು ಹಾಕಿದ್ದ ಚಿತ್ರ ಅದು. ಅದನ್ನು ರಚಿಸಿದವರು ಮಹಾಪಾತ್ರ ಅಲ್ಲ. ತಮಗೆ ಬಂದದ್ದನ್ನು ಮುಂದೆ ಕಳಿಸಿದರು, ಅಷ್ಟೆ. ಪೊಲೀಸರು ಅವರನ್ನೂ ಬಂಧಿಸಿದರು, ಸಂಘದ ಕಾರ್ಯದರ್ಶಿಯಾಗಿದ್ದ ಎಪ್ಪತ್ತು ದಾಟಿದ ಹಿರಿಯರನ್ನೂ ಬಂಧಿಸಿದರು. ಮಹಾಪಾತ್ರ ಅವರಿಗೆ ಮೊಕದ್ದಮೆಯಿಂದ ಮುಕ್ತಿ ಸಿಕ್ಕಿದ್ದು 2023ರ ಜನವರಿಯಲ್ಲಿ. ಅಷ್ಟರಲ್ಲಿ ಆ ಹಿರಿಯರು ತೀರಿಕೊಂಡಿದ್ದರು.

ನಡುವೆ ಇನ್ನೊಂದು ಸಂಗತಿ ನಡೆದಿತ್ತು. ಮಹಾಪಾತ್ರ ಅವರ ಮೇಲೆ ಹಾಕಿದ್ದ, ಮಾಹಿತಿ ತಂತ್ರಜ್ಞಾನ ಕಾಯ್ದೆಯ ಸೆಕ್ಷನ್ 66ಎ ಅನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ಪೂರ್ತಿಯಾಗಿ ರದ್ದು ಮಾಡಿತ್ತು. ಸೆಕ್ಷನ್ ಸತ್ತ ಮೇಲೂ ಸುಮಾರು ಎಂಟು ವರ್ಷ ಆ ಪ್ರಾಧ್ಯಾಪಕರು ಕೋರ್ಟಿಗೆ ಅಲೆಯಬೇಕಾಯಿತು. ದೇಶದ ಹಲವು ಠಾಣೆಗಳಲ್ಲಿ ಅದೇ ಸೆಕ್ಷನ್ ಹಾಕಿ ಹೊಸ ಎಫ್‌ಐಆರ್‌ಗಳೂ ದಾಖಲಾಗುತ್ತಲೇ ಇದ್ದವು. 66ಎ ಅಡಿಯ ಪ್ರಕರಣಗಳನ್ನೆಲ್ಲ ಕೈಬಿಡಿ ಎಂದು 2022ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಮತ್ತೊಮ್ಮೆ ಹೇಳಬೇಕಾಯಿತು.

ಈ ಹಳೆಯ ಕಥೆ ಈಗ ನಮ್ಮ ಮನೆಬಾಗಿಲಿಗೆ ಬಂದಿದೆ. ತಪ್ಪು ಮಾಹಿತಿ ಮತ್ತು ಸುಳ್ಳು ಸುದ್ದಿ ನಿಷೇಧಕ್ಕೆ ಕರ್ನಾಟಕ ಸರ್ಕಾರ ಸಿದ್ಧಪಡಿಸಿದ ಮಸೂದೆಯ ಕರಡು 2025ರ ಜೂನ್‌ನಲ್ಲಿ ಹೊರಬಿತ್ತು. ಸಾಮಾಜಿಕ ಜಾಲತಾಣದಲ್ಲಿ ಸುಳ್ಳು ಸುದ್ದಿ ಹಾಕಿದರೆ 7 ವರ್ಷದವರೆಗೆ ಜೈಲು, 10 ಲಕ್ಷ ರೂಪಾಯಿವರೆಗೆ ದಂಡ. ತಪ್ಪು ಮಾಹಿತಿಗೆ 2ರಿಂದ 5 ವರ್ಷ. ವಿಶೇಷ ನ್ಯಾಯಾಲಯಗಳು. ಯಾವುದು ಸುಳ್ಳು ಎಂಬುದರ ಮೇಲೆ ಕಣ್ಣಿಡಲು ಸಚಿವರ ಅಧ್ಯಕ್ಷತೆಯಲ್ಲೇ ಒಂದು ಪ್ರಾಧಿಕಾರ. ಟೀಕೆ ಬಂದಾಗ ‘ಇದು ಅಂತಿಮವಲ್ಲ’ ಎಂದು ಸರ್ಕಾರದವರು ಹೇಳಿದರು. ಅಂತಿಮವಲ್ಲದಿದ್ದರೆ ಒಳ್ಳೆಯದು; ಮಾತನಾಡಬೇಕಾದದ್ದೇ ಈಗ. ನನ್ನ ಅಭಿಪ್ರಾಯ ನೇರವಾದದ್ದು: ಕಂಡದ್ದನ್ನು ಹಂಚಿದ, ಅದಕ್ಕೆ ನಾಲ್ಕು ಮಾತು ಸೇರಿಸಿದ ಸಾಮಾನ್ಯ ಜನರನ್ನು ಜೈಲಿಗೆ ಕಳಿಸುವ ಯಾವ ಹೊಸ ಕಾನೂನೂ ಈ ರಾಜ್ಯಕ್ಕೆ ಬೇಡ.

ಈ ಮಾತು ಹೇಳುವವರು ಮುರ್ಕಿಯ ಮುಂದೆ ನಿಂತು ಹೇಳಬೇಕು. 2018ರ ಜುಲೈ 13ರಂದು ಬೀದರ್ ಜಿಲ್ಲೆಯ ಆ ಹಳ್ಳಿಯಲ್ಲಿ ಹೈದರಾಬಾದಿನ ಯುವ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬರನ್ನು ಗುಂಪು ಹೊಡೆದು ಕೊಂದಿತು. ಗೆಳೆಯರೊಂದಿಗೆ ಸುತ್ತಾಡಲು ಬಂದವರು ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದೇ ಮುಳುವಾಯಿತು. ಮಕ್ಕಳ ಕಳ್ಳರು ಬಂದಿದ್ದಾರೆ, ಕಾರಿನಲ್ಲಿ ಓಡಿ ಬರುತ್ತಿದ್ದಾರೆ ಎಂಬ ಸಂದೇಶ ಅವರಿಗಿಂತ ಮುಂಚೆ ಮುರ್ಕಿ ತಲುಪಿತ್ತು. ಅದೇ ವರ್ಷ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಕೆಲಸ ಹುಡುಕಿ ಬಂದಿದ್ದ ಯುವಕನೊಬ್ಬ ಇದೇ ವದಂತಿಗೆ ಬಲಿಯಾಗಿದ್ದ. ಆಗ ಎಲ್ಲರ ಮೊಬೈಲ್‌ನಲ್ಲೂ ಓಡಾಡುತ್ತಿದ್ದ, ಬೈಕಿನಲ್ಲಿ ಬಂದವರು ಮಗುವನ್ನು ಎತ್ತಿಕೊಂಡು ಹೋಗುವ ವಿಡಿಯೊ ಪಾಕಿಸ್ತಾನದ ಕರಾಚಿಯದು. ರೋಶನಿ ಹೆಲ್ಪ್‌ಲೈನ್ ಎಂಬ ಸಂಸ್ಥೆ ಮಕ್ಕಳ ಸುರಕ್ಷತೆಯ ಜಾಗೃತಿಗಾಗಿ ಮಾಡಿಸಿದ್ದ ಚಿತ್ರ ಅದು. ಕೊನೆಯಲ್ಲಿ ಬೈಕಿನವರು ಮಗುವನ್ನು ತಂದು ಬಿಟ್ಟು, ಮಗುವನ್ನು ಕದಿಯುವುದು ಎಷ್ಟು ಸುಲಭ ನೋಡಿ ಎಂದು ಎಚ್ಚರಿಸುತ್ತಾರೆ. ಯಾರೋ ಆ ಕೊನೆಯನ್ನು ಕತ್ತರಿಸಿ ಬಿಟ್ಟರು.

ಎರಡು ಜೀವ ಹೋದವು. ಹಾಗಿರುವಾಗ ಕಠಿಣ ಕಾನೂನು ಬೇಡ ಎನ್ನಲು ಬಾಯಿ ಹೇಗೆ ಬರುತ್ತದೆ ಎಂದು ಕೇಳುವವರಿದ್ದಾರೆ. ಅವರ ಸಿಟ್ಟು ನ್ಯಾಯವಾದದ್ದು. ಆದರೆ ಆ ವಿಡಿಯೊ ಎಷ್ಟು ಕೈ ದಾಟಿತು ಎಂದು ಯೋಚಿಸಿ. ಕತ್ತರಿಸಿದವರ ಕೈ ಒಂದು. ಆಮೇಲಿನ ಲಕ್ಷಾಂತರ ಕೈಗಳು ಮಕ್ಕಳನ್ನು ಶಾಲೆಗೆ ಕಳಿಸುವ ತಾಯಂದಿರವು, ಅಂಗನವಾಡಿಯವರವು, ಆಟೊ ಓಡಿಸುವವರವು. ನೆರೆಮನೆಯ ಮಗು ಹುಷಾರಾಗಿರಲಿ ಎಂದು ಫಾರ್ವರ್ಡ್ ಮಾಡಿದರು. ಅದು ಸುಳ್ಳೆಂದು ಅವರಿಗೆ ಗೊತ್ತೇ ಇರಲಿಲ್ಲ. ಹೊಡೆದವರು ಬೇರೆ, ಅವರಿಗೆ ಕೊಲೆಯ ಸೆಕ್ಷನ್ ಇದೆ. ಭಯ ಹುಟ್ಟಿಸಲೆಂದೇ ಸುಳ್ಳು ಹರಡುವವರಿಗೆ ಮೊದಲು ದಂಡ ಸಂಹಿತೆಯ 505 ಇತ್ತು, ಈಗ ಭಾರತೀಯ ನ್ಯಾಯ ಸಂಹಿತೆಯ 353 ಇದೆ. ಆ ಸೆಕ್ಷನ್‌ನಲ್ಲೇ ಒಂದು ವಿನಾಯಿತಿಯೂ ಇದೆ: ನಿಜವೆಂದು ನಂಬಲು ಸಕಾರಣವಿದ್ದು, ಕೆಟ್ಟ ಉದ್ದೇಶವಿಲ್ಲದೆ ಸದ್ಭಾವನೆಯಿಂದ ಹರಡಿದರೆ ಅದು ಅಪರಾಧವಲ್ಲ. ಹಳೆಯ ಕಾನೂನಿಗೆ ಇದ್ದ ಈ ವಿವೇಕ ಹೊಸ ಕಾಲಕ್ಕೆ ಇನ್ನೂ ಹೆಚ್ಚು ಬೇಕು.

ವದಂತಿಯ ವೇಗ ತಗ್ಗಿಸಿದ್ದು ಏನು ಎಂಬುದನ್ನೂ ನೋಡಿ. 2012ರ ಆಗಸ್ಟ್‌ನಲ್ಲಿ ವದಂತಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರಿನಿಂದ ಗುವಾಹಟಿಯ ರೈಲು ಹತ್ತಿದಾಗ ಕೇಂದ್ರ ಸರ್ಕಾರ 15 ದಿನ ಸಗಟು ಎಸ್‌ಎಂಎಸ್ ನಿಲ್ಲಿಸಿ, ದಿನಕ್ಕೆ 5 ಸಂದೇಶದ ಮಿತಿ ಹಾಕಿತು. 2018ರ ಜುಲೈನಲ್ಲಿ ವಾಟ್ಸಾಪ್ ಭಾರತದಲ್ಲಿ ಒಮ್ಮೆಗೆ 5 ಚಾಟ್‌ಗಳಿಗಷ್ಟೇ ಫಾರ್ವರ್ಡ್ ಎಂದು ಕಟ್ಟು ಹಾಕಿತು. 2020ರ ಏಪ್ರಿಲ್‌ನಲ್ಲಿ, ಹಲವು ಸಲ ಕೈ ಬದಲಾಯಿಸಿದ ಸಂದೇಶವನ್ನು ಒಂದೇ ಚಾಟ್‌ಗೆ ಕಳಿಸಲು ಬರುವಂತೆ ಮಾಡಿತು. ಅಂಥ ಸಂದೇಶಗಳ ಓಡಾಟ ಶೇ 70ರಷ್ಟು ಇಳಿಯಿತು ಎಂದು ಕಂಪನಿಯೇ ಹೇಳಿತು. ಈ ಇಳಿಕೆಗೆ ಯಾರನ್ನೂ ಜೈಲಿಗೆ ಹಾಕಬೇಕಾಗಲಿಲ್ಲ. ಸರ್ಕಾರ ತನ್ನ ಬಲವನ್ನು ಬಳಸಬೇಕಾದದ್ದು ಈ ಕಂಪನಿಗಳ ಮೇಲೆ. ಓಡುವ ಸುಳ್ಳಿನಿಂದ ಆದಾಯ ಬರುವುದು ಅವುಗಳಿಗೆ, ಮನೆಯಲ್ಲಿ ಕೂತು ಶೇರ್ ಒತ್ತಿದವರಿಗಲ್ಲ.

ಹಂಚಿದರೆ ಒಪ್ಪಿದಂತೆ ಎಂಬ ವಾದವನ್ನು ನ್ಯಾಯಾಲಯಗಳೂ ಎತ್ತಿವೆ. ತಮಿಳುನಾಡಿನ ನಟ, ರಾಜಕಾರಣಿ ಎಸ್.ವೀ. ಶೇಖರ್ ಮಹಿಳಾ ಪತ್ರಕರ್ತರನ್ನು ಹೀನಾಯವಾಗಿ ನಿಂದಿಸುವ ಇನ್ನೊಬ್ಬರ ಬರಹವನ್ನು ಫೇಸ್‌ಬುಕ್‌ನಲ್ಲಿ ಹಂಚಿದಾಗ ಮದ್ರಾಸ್ ಹೈಕೋರ್ಟ್ 2018ರಲ್ಲಿ, ಮುಂದೆ ಕಳಿಸುವುದು ಒಪ್ಪಿಗೆ ಕೊಟ್ಟಂತೆಯೇ ಎಂಬ ನಿಲುವು ತಳೆಯಿತು. 2023ರಲ್ಲಿ ಸುಪ್ರೀಂ ಕೋರ್ಟೂ ಅವರ ನೆರವಿಗೆ ಬರಲಿಲ್ಲ. ಆ ಬರಹ ಹೇಸಿಗೆ ಹುಟ್ಟಿಸುವಂಥದ್ದು. ಜವಾಬ್ದಾರಿ ಸ್ಥಾನದಲ್ಲಿರುವವರು ಅದನ್ನು ಹಂಚಿದ್ದಕ್ಕೆ ಉತ್ತರ ಕೊಡಲೇಬೇಕಿತ್ತು. ಆದರೆ ಅಲ್ಲಿ ಹುಟ್ಟಿದ ಸೂತ್ರವನ್ನು ಎಲ್ಲರಿಗೂ ಹಾಕಿದರೆ ಏನಾಗುತ್ತದೆ? ನಾವು ಒಪ್ಪಿದ್ದನ್ನಷ್ಟೇ ಹಂಚುವುದಿಲ್ಲ. ‘ಇದು ನಿಜವೇ?’ ಎಂದು ಕೇಳಲು ಹಂಚುತ್ತೇವೆ. ‘ಎಂಥ ಅನ್ಯಾಯ ನೋಡಿ’ ಎಂದು ತೋರಿಸಲು ಹಂಚುತ್ತೇವೆ. ಸುಳ್ಳನ್ನು ಸುಳ್ಳೆಂದು ಬಯಲು ಮಾಡುವವರೂ ಮೊದಲು ಆ ಸುಳ್ಳನ್ನು ಹಂಚಿಯೇ ತೋರಿಸಬೇಕು. ಮೇಲೆ ಬರೆದ ಒಂದು ಸಾಲಿನಲ್ಲಿ ಹಂಚುವವರ ಮನಸ್ಸು ಇರುತ್ತದೆ. ಎಫ್‌ಐಆರ್‌ನಲ್ಲಿ ಮೊದಲು ಬಿಟ್ಟುಹೋಗುವುದೇ ಆ ಸಾಲು.

ಕೊಲ್ಲಾಪುರದ ಕಾಲೇಜೊಂದರಲ್ಲಿ ಪಾಠ ಮಾಡುತ್ತಿದ್ದ ಕಾಶ್ಮೀರಿ ಪ್ರಾಧ್ಯಾಪಕ ಜಾವೇದ್ ಅಹ್ಮದ್ ಹಜಾಮ್ ವಾಟ್ಸಾಪ್ ಸ್ಟೇಟಸ್‌ನಲ್ಲಿ 370ನೇ ವಿಧಿ ರದ್ದತಿಯ ದಿನವನ್ನು ಕರಾಳ ದಿನ ಎಂದರು, ಪಾಕಿಸ್ತಾನದ ಸ್ವಾತಂತ್ರ್ಯ ದಿನಕ್ಕೆ ಶುಭಾಶಯ ಹಾಕಿದರು. ಪ್ರಕರಣ ದಾಖಲಾಯಿತು. ಬಾಂಬೆ ಹೈಕೋರ್ಟ್ ಅದನ್ನು ರದ್ದುಮಾಡಲು ಒಪ್ಪಲಿಲ್ಲ. 2024ರ ಮಾರ್ಚ್ 7ರಂದು ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಗಳಾದ ಅಭಯ್ ಓಕಾ ಮತ್ತು ಉಜ್ಜಲ್ ಭುಯಾನ್ ರದ್ದುಮಾಡಿದರು. ಸರ್ಕಾರದ ನಿರ್ಧಾರವನ್ನು ಟೀಕಿಸುವ ಹಕ್ಕು ಪ್ರತಿಯೊಬ್ಬ ಪ್ರಜೆಗೂ ಇದೆ, ಪೊಲೀಸರಿಗೆ ವಾಕ್ ಸ್ವಾತಂತ್ರ್ಯದ ಪಾಠ ಹೇಳಬೇಕಾದ ಕಾಲ ಬಂದಿದೆ ಎಂದರು. ಹಜಾಮ್ ಗೆದ್ದರು, ಸರಿ. ದೆಹಲಿವರೆಗೆ ಹೋಗುವ ಶಕ್ತಿಯಿಲ್ಲದವರ ಗತಿ ಏನು?

ನಮ್ಮ ಕರಡಿನಲ್ಲಿ ಅಭಿಪ್ರಾಯ, ವಿಡಂಬನೆ, ಅಣಕಗಳಿಗೆ ವಿನಾಯಿತಿ ಇದೆಯಲ್ಲ ಎನ್ನುತ್ತಾರೆ. ಇದೆ. ಆದರೆ ಅದು ಕೈಗೆ ಸಿಗುವುದು ವಿಚಾರಣೆಯ ಕೊನೆಗೆ. ಬಂಧನ ಬರುವುದು ಮೊದಲು. ಕರಡಿನ ಅಪರಾಧಗಳು ಜಾಮೀನುರಹಿತವಾದ್ದರಿಂದ ಠಾಣೆಯಲ್ಲೇ ಜಾಮೀನು ಸಿಗುವ ಮಾತಿಲ್ಲ.

ಕಡೆಯ ವಿಷಯ ಶಿಕ್ಷೆಯ ಅವಧಿಯದು. ಇದನ್ನು ವಿಧಾನಸೌಧದಲ್ಲಿ ಯಾರಾದರೂ ಎತ್ತಲೇಬೇಕು. ಜಾಲತಾಣದಲ್ಲಿ ಹಾಕಿದ ಕವಿತೆಗಾಗಿ ಎಫ್‌ಐಆರ್ ಎದುರಿಸಿದ್ದ ಕವಿ ಇಮ್ರಾನ್ ಪ್ರತಾಪ್‌ಗಢಿ ಅವರ ಪ್ರಕರಣದಲ್ಲಿ 2025ರ ಮಾರ್ಚ್ 28ರಂದು ಸುಪ್ರೀಂ ಕೋರ್ಟ್ ಒಂದು ರಕ್ಷಣೆಯನ್ನು ಗಟ್ಟಿಮಾಡಿತು. ಮಾತು, ಬರಹಕ್ಕೆ ಸಂಬಂಧಿಸಿದ ದೂರು ಬಂದಾಗ ಎಫ್‌ಐಆರ್‌ಗೆ ಮೊದಲು ನಾಗರಿಕ ಸುರಕ್ಷಾ ಸಂಹಿತೆಯ 173(3)ರ ಅಡಿ ಪ್ರಾಥಮಿಕ ವಿಚಾರಣೆ ನಡೆಸುವುದು ಯಾವಾಗಲೂ ಸೂಕ್ತ ಎಂದಿತು. ಡಿವೈಎಸ್‌ಪಿ ದರ್ಜೆಯ ಅಧಿಕಾರಿಯ ಅನುಮತಿ ಪಡೆದು 14 ದಿನದೊಳಗೆ ಮುಗಿಸಬೇಕಾದ ವಿಚಾರಣೆ ಅದು. ಆದರೆ ಆ ಸೆಕ್ಷನ್ ಅನ್ವಯಿಸುವುದು 3 ವರ್ಷ ಅಥವಾ ಅದಕ್ಕಿಂತ ಹೆಚ್ಚು, 7 ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧಗಳಿಗೆ ಮಾತ್ರ. ಸುಳ್ಳು ಸುದ್ದಿಗೆ ನಮ್ಮ ಕರಡು ಬರೆದಿರುವ ಗರಿಷ್ಠ ಶಿಕ್ಷೆ ಸರಿಯಾಗಿ 7 ವರ್ಷ. ಅಂದರೆ ಇಮ್ರಾನ್ ಅವರಂಥವರಿಗೆ ಸುಪ್ರೀಂ ಕೋರ್ಟ್ ಗಟ್ಟಿಮಾಡಿಕೊಟ್ಟ ಬಾಗಿಲು ಸುಳ್ಳು ಸುದ್ದಿಯ ಆರೋಪ ಹೊತ್ತ ಕರ್ನಾಟಕದವರಿಗೆ ಮುಚ್ಚಿರುತ್ತದೆ. ಮಸೂದೆ ತರಲೇಬೇಕೆಂದಿದ್ದರೆ ಆ 7 ಅನ್ನು ಮೊದಲು ಅಳಿಸಲಿ. ಸುಳ್ಳೆಂದು ತಿಳಿದೂ ಹಿಂಸೆ ಎಬ್ಬಿಸಲೆಂದೇ ಹರಡಿದವರ ಹೊರತು ಬೇರೆ ಯಾರನ್ನೂ ಮುಟ್ಟುವುದಿಲ್ಲ ಎಂದು ಅದರ ಮೊದಲ ಸೆಕ್ಷನ್‌ನಲ್ಲೇ ಬರೆಯಲಿ.