ತೋಟದ ಪಾಲು, ಮಗಳ ರುಜು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ತೆಂಗಿನ ತೋಟ ಪಾಲಾಗುವಾಗ ಅಣ್ಣತಮ್ಮಂದಿರು ಮರ ಎಣಿಸುತ್ತಾರೆ, ಕೊಳವೆಬಾವಿ ಯಾರಿಗೆಂದು ವಾದಿಸುತ್ತಾರೆ. ಮದುವೆ ಮಾಡಿ ಕೊಟ್ಟ ಹೆಣ್ಣುಮಕ್ಕಳಿಗೆ ಕರೆ ಬರುವುದು ಕಡೆಯ ದಿನ: 'ಅಕ್ಕಯ್ಯ, ಬಂದು ಒಂದು ರುಜು ಹಾಕಿ ಹೋಗು.' ಯಾತಕ್ಕೆಂದು ಕೇಳಿದರೆ ತವರಿನ ಬಾಗಿಲು ಮುಚ್ಚೀತೆಂಬ ಭಯ.

ಹಿಂದೂ ಕುಟುಂಬಗಳ ಮಟ್ಟಿಗೆ ಕಾನೂನು ಏನು ಹೇಳುತ್ತದೆ? ಹಳೆಯ ಮೈಸೂರು ಸಂಸ್ಥಾನದ 1933ರ ಕಾಯಿದೆ, ಪಾಲಿನ ವೇಳೆ ಮದುವೆಯಾಗದ ಮಗಳಿಗೆ ಸೋದರನ ಪಾಲಿನ ಕಾಲು ಭಾಗ ಕೊಟ್ಟಿತು. 1994ರ ಕರ್ನಾಟಕದ ತಿದ್ದುಪಡಿ ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ನೀಡಿತಾದರೂ, ಅದಕ್ಕೆ ಮುಂಚೆ ಮದುವೆಯಾದವರನ್ನು ಹೊರಗಿಟ್ಟಿತು. 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದ ಕೇಂದ್ರದ ತಿದ್ದುಪಡಿ ಆ ಭೇದವನ್ನು ಅಳಿಸಿತು. ತಂದೆ ಅಷ್ಟರೊಳಗೆ ತೀರಿಕೊಂಡಿದ್ದರೆ? ಮಗಳ ಹಕ್ಕು ಹುಟ್ಟಿನಿಂದಲೇ ಬರುವುದು, 2005ರಲ್ಲಿ ತಂದೆ ಬದುಕಿರಬೇಕಿಲ್ಲ ಎಂದು ಸುಪ್ರೀಂ ಕೋರ್ಟು 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಮೊಕದ್ದಮೆಯಲ್ಲಿ ತೀರ್ಪಿತ್ತಿತು. ಆದರೆ 2004ರ ಡಿಸೆಂಬರ್ 20ಕ್ಕೆ ಮುಂಚೆ ನೋಂದಾಯಿತ ಪತ್ರದಿಂದಲೋ ಕೋರ್ಟಿನ ಡಿಕ್ರಿಯಿಂದಲೋ ಆದ ಪಾಲನ್ನು ಈ ಕಾಯಿದೆ ಕದಲಿಸುವುದಿಲ್ಲ.

'ಅಪ್ಪ ವಿಲ್ ಬರೆದಿಟ್ಟಿದ್ದಾರಲ್ಲ' ಎಂಬ ಮಾತೂ ಬರುತ್ತದೆ. ಸ್ವಂತ ದುಡಿಮೆಯ ಆಸ್ತಿಯನ್ನು ತಂದೆ ಯಾರಿಗೆ ಬೇಕಾದರೂ ಬರೆಯಬಹುದು. ಪಿತ್ರಾರ್ಜಿತ ತೋಟದಲ್ಲಿ ತಮ್ಮ ಪಾಲನ್ನಷ್ಟೇ. ವಿಲ್‌ಗೆ ಛಾಪಾ ಕಾಗದ ಬೇಡ, ನೋಂದಣಿಯೂ ಕಡ್ಡಾಯವಲ್ಲ. ಇಬ್ಬರು ಸಾಕ್ಷಿಗಳ ರುಜು ಮಾತ್ರ ಬೇಕೇ ಬೇಕು. ಇನ್ನು ಪಹಣಿ. ಅದರಲ್ಲಿ ಅಣ್ಣನ ಹೆಸರೊಂದೇ ಇದ್ದ ಮಾತ್ರಕ್ಕೆ ತೋಟ ಅವನೊಬ್ಬನದಾಗದು.

ಹಕ್ಕು ಬಿಡುವುದು ತಪ್ಪೇನಲ್ಲ. ತಮ್ಮನಿಗೆ ಸಾಲವಿದೆ, ಅಪ್ಪ ಅಮ್ಮನನ್ನು ಕಡೆಗಾಲದಲ್ಲಿ ನೋಡಿಕೊಂಡವನು ಅವನೇ ಎಂದು ಮನಸಾರೆ ಬಿಟ್ಟುಕೊಡುವ ಅಕ್ಕಂದಿರಿದ್ದಾರೆ. ಆದರೆ ತಿಳಿದು ಕೊಡುವುದು ಬೇರೆ, ತಿಳಿಯದೆ ಕಳೆದುಕೊಳ್ಳುವುದು ಬೇರೆ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯಾದ ಹಕ್ಕು ಬಿಡುಗಡೆ ಪತ್ರವನ್ನು ಆಮೇಲೆ ರದ್ದು ಮಾಡಿಸುವುದು ಬಲು ಕಷ್ಟ. ವರ್ಷಗಟ್ಟಲೆ ಕೋರ್ಟು ಅಲೆಯಬೇಕಾದೀತು.

ವಿದ್ಯಾರ್ಥಿಗಳೇ, ನಿಮ್ಮ ಓದು ಪರೀಕ್ಷೆಗೆ ಮಾತ್ರವಲ್ಲ. ಅಮ್ಮನ ಮುಂದೆ, ಸೋದರತ್ತೆಯ ಮುಂದೆ ಇಂಥ ಕಾಗದ ಬಂದಾಗ ಮೊದಲ ಸಾಲಿನಿಂದ ಕಡೆಯ ಸಾಲಿನವರೆಗೆ ಗಟ್ಟಿಯಾಗಿ ಓದಿ ಹೇಳಿ. ಅರ್ಥವಾಗದಿದ್ದರೆ ವಕೀಲರನ್ನು ಕೇಳುವವರೆಗೆ ರುಜು ಕಾಯಲಿ. ತಂದೆತಾಯಿಗಳೇ, ನೀವಿರುವಾಗಲೇ ಗಂಡುಮಕ್ಕಳ ಜೊತೆ ಹೆಣ್ಣುಮಕ್ಕಳನ್ನೂ ಕೂರಿಸಿಕೊಂಡು ತೋಟದ ಮಾತಾಡಿ. ನಿಮ್ಮ ತರುವಾಯವೂ ಹಬ್ಬಕ್ಕೆ ಮಗಳು ಆ ಮನೆಗೆ ಬರುವಂತಿರಲಿ.