ತಾಮಾರಳನ್ನು ಸುಮ್ಮನಿರಿಸಿದವರು ಯಾರು?

ದಾವೀದರಸನ ಕುಟುಂಬದಲ್ಲಿ ನಡೆದ ಒಂದು ಘೋರ ಕೃತ್ಯವನ್ನು ಸಮುವೇಲನ ಎರಡನೆಯ ಗ್ರಂಥದ 13ನೆಯ ಅಧ್ಯಾಯವು ಯಾವ ಮುಚ್ಚುಮರೆಯೂ ಇಲ್ಲದೆ ದಾಖಲಿಸಿದೆ. ಅರಸನ ಜ್ಯೇಷ್ಠಪುತ್ರನಾದ ಅಮ್ನೋನನು ತನ್ನ ಮಲತಂಗಿ ತಾಮಾರಳ ಮೇಲೆ ಕಣ್ಣಿಡುತ್ತಾನೆ; ರೋಗಿಯಂತೆ ನಟಿಸಿ ಹಾಸಿಗೆ ಹಿಡಿಯುತ್ತಾನೆ. ಅಣ್ಣನಿಗೆ ಊಟ ಸಿದ್ಧಮಾಡಿ ಕೊಡು ಎಂದು ಆಕೆಯನ್ನು ಅವನ ಮನೆಗೆ ಕಳುಹಿಸುವವನು ಸ್ವತಃ ತಂದೆ. ಆಕೆ ಬೇಡಿಕೊಳ್ಳುತ್ತಾಳೆ, ಬುದ್ಧಿ ಹೇಳುತ್ತಾಳೆ, ಪ್ರತಿಭಟಿಸುತ್ತಾಳೆ. ಅವನು ಬಲಾತ್ಕರಿಸಿ, ಆಕೆಯನ್ನು ಹೊರಗೆ ತಳ್ಳಿಸಿ, ಬಾಗಿಲಿಗೆ ಅಗುಳಿ ಹಾಕಿಸುತ್ತಾನೆ. ತಲೆಯ ಮೇಲೆ ಬೂದಿ ಹಾಕಿಕೊಂಡು, ತೊಟ್ಟ ನಿಲುವಂಗಿಯನ್ನು ಹರಿದುಕೊಂಡು, ಗಟ್ಟಿಯಾಗಿ ಅಳುತ್ತಾ ಆಕೆ ನಡೆದುಹೋಗುತ್ತಾಳೆ. ಆಗ ಒಡಹುಟ್ಟಿದ ಅಣ್ಣ ಅಬ್ಷಾಲೋಮನು ಆಕೆಗೆ ನೀಡಿದ ಸಾಂತ್ವನವೇನು? ಅವನು ನಿನ್ನ ಅಣ್ಣನಲ್ಲವೇ, ಸುಮ್ಮನಿರು, ಇದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ ಎಂಬ ಅರ್ಥದ ಮಾತು. ತಂದೆ ದಾವೀದನಿಗೆ ಕಡುಕೋಪ ಬಂದಿತು. ಆದರೆ ಕೋಪಗೊಂಡದ್ದನ್ನು ಬಿಟ್ಟು ಅವನು ಬೇರೇನೂ ಮಾಡಲಿಲ್ಲ.

ಭಾನುವಾರದ ಬಲಿಪೂಜೆಯ ವಾಚನಗಳಲ್ಲಿ ಈ ಅಧ್ಯಾಯ ಬರುವುದಿಲ್ಲ. ಬಂದಿದ್ದರೆ ನಮ್ಮ ಅನೇಕ ಕುಟುಂಬಗಳು ತಮ್ಮದೇ ಮನೆಯ ಮಾತನ್ನು ಅದರಲ್ಲಿ ಕೇಳಿಸಿಕೊಳ್ಳುತ್ತಿದ್ದವು. ಲೈಂಗಿಕ ಹಿಂಸೆ ಎಂದೊಡನೆ ನಮ್ಮ ಕಣ್ಣ ಮುಂದೆ ಮೂಡುವ ಚಿತ್ರ ಒಂದೇ: ಕತ್ತಲ ದಾರಿ, ಒಂಟಿ ಯುವತಿ, ಗುರುತಿಲ್ಲದ ದುಷ್ಟ. 2012ರ ಡಿಸೆಂಬರ್‌ನಲ್ಲಿ ದೆಹಲಿಯಲ್ಲಿ ನಡೆದ ಅಮಾನುಷ ಕೃತ್ಯ ಆ ಚಿತ್ರವನ್ನು ಇನ್ನಷ್ಟು ಗಾಢಗೊಳಿಸಿತು. ಆ ಚಿತ್ರ ಸುಳ್ಳಲ್ಲ. ಆದರೆ ಅದನ್ನೇ ಇಡೀ ಸತ್ಯವೆಂದು ನಂಬಿ ನಾವು ನೆಮ್ಮದಿಯಾಗಿದ್ದೇವಲ್ಲ, ಆ ನೆಮ್ಮದಿಯೇ ಅಪರಾಧಿಗಳಿಗೆ ಆಶ್ರಯ ಕೊಟ್ಟಿದೆ ಎಂಬುದು ಈ ಲೇಖನದ ವಾದ. ಲೈಂಗಿಕ ಹಿಂಸೆಗೆ ಒಂದು ಲಿಂಗವಿಲ್ಲ, ಒಂದು ವಯಸ್ಸಿಲ್ಲ. ಬಹುಪಾಲು ಅದು ಮನೆಯ ಹೊಸ್ತಿಲೊಳಗೆ, ಪರಿಚಿತರ ಕೈಯಿಂದಲೇ ನಡೆಯುತ್ತದೆ.

ಲೆಕ್ಕ ಹೇಳುವ ಸತ್ಯ

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರತಿವರ್ಷ ಪ್ರಕಟಿಸುವ ವರದಿಯಲ್ಲಿ ಅತ್ಯಾಚಾರಕ್ಕೆ ಒಳಗಾದವರ ವಯಸ್ಸಿನ ಪಟ್ಟಿಯೊಂದಿದೆ. ಅದು 6 ವರ್ಷಕ್ಕಿಂತ ಕೆಳಗಿನವರು ಎಂಬ ಸಾಲಿನಿಂದ ಆರಂಭವಾಗಿ 60 ವರ್ಷ ಮೀರಿದವರು ಎಂಬ ಸಾಲಿನಲ್ಲಿ ಮುಗಿಯುತ್ತದೆ. ತೊಟ್ಟಿಲ ಕೂಸಿನಿಂದ ಹಿಡಿದು ಜಪಸರ ಹಿಡಿದು ಕುಳಿತ ಅಜ್ಜಿಯವರೆಗೆ ಯಾರೂ ಆ ಪಟ್ಟಿಯಿಂದ ಹೊರಗಿಲ್ಲ. 2022ರಲ್ಲಿ ದೇಶದಲ್ಲಿ 31,516 ಅತ್ಯಾಚಾರ ಪ್ರಕರಣಗಳು ದಾಖಲಾದವು. ಇಂತಹ ಪ್ರಕರಣಗಳಲ್ಲಿ ನೂರಕ್ಕೆ 95ಕ್ಕೂ ಹೆಚ್ಚಿನವುಗಳಲ್ಲಿ ಆರೋಪಿಯು ಸಂತ್ರಸ್ತೆಗೆ ಪರಿಚಿತನೇ: ಮನೆಯವನು, ನೆಂಟ, ನೆರೆಯವನು, ಸ್ನೇಹಿತ, ಕೆಲಸ ಕೊಟ್ಟವನು. ಮಗಳಿಗೆ ಕತ್ತಲಾಗುವ ಮುನ್ನ ಮನೆ ಸೇರು ಎಂದು ಎಚ್ಚರಿಸುವ ನಾವು, ಮನೆಯೊಳಗೇ ಅಪಾಯವಿದ್ದರೆ ಆಕೆ ಎಲ್ಲಿಗೆ ಹೋಗಬೇಕೆಂದು ಯೋಚಿಸಿದ್ದೇವೆಯೇ?

ಇವು ಪೊಲೀಸರವರೆಗೆ ತಲುಪಿದ ಪ್ರಕರಣಗಳು ಮಾತ್ರ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, 18ರಿಂದ 49 ವರ್ಷದ ಮಹಿಳೆಯರಲ್ಲಿ ನೂರಕ್ಕೆ 6 ಮಂದಿ ತಮ್ಮ ಬಾಳಿನಲ್ಲಿ ಲೈಂಗಿಕ ಹಿಂಸೆಯನ್ನು ಅನುಭವಿಸಿದ್ದಾಗಿ ಹೇಳಿದರು. ದೈಹಿಕ ಅಥವಾ ಲೈಂಗಿಕ ಹಿಂಸೆಗೆ ಒಳಗಾದವರಲ್ಲಿ ನೂರಕ್ಕೆ 77 ಮಂದಿ ಯಾರ ನೆರವನ್ನೂ ಕೇಳಿರಲಿಲ್ಲ, ಯಾರಿಗೂ ಹೇಳಿಯೂ ಇರಲಿಲ್ಲ. 18 ವರ್ಷ ತುಂಬುವ ಮೊದಲೇ ಲೈಂಗಿಕ ಹಿಂಸೆ ಅನುಭವಿಸಿದ ಯುವತಿಯರ ಪ್ರಮಾಣ ದೇಶದಲ್ಲಿ ನೂರಕ್ಕೆ 1.5 ಆಗಿದ್ದರೆ ನಮ್ಮ ಕರ್ನಾಟಕದಲ್ಲಿ 11. ನಮ್ಮ ನಾಡು ಅಷ್ಟೊಂದು ಕೆಟ್ಟಿದೆ ಎಂದು ಈ ಅಂಕಿಯನ್ನು ಓದಬಹುದು. ನಮ್ಮ ಹೆಣ್ಣುಮಕ್ಕಳು ಇತರರಿಗಿಂತ ಧೈರ್ಯವಾಗಿ ಬಾಯಿಬಿಟ್ಟರು ಎಂದೂ ಓದಬಹುದು. ಹೇಗೆ ಓದಿದರೂ ನಿಶ್ಚಿಂತೆಯಿಂದ ಕೂರಲು ನಮಗೆ ಕಾರಣವಿಲ್ಲ.

ಇದೇ ಸಮೀಕ್ಷೆಯಲ್ಲಿ ಇನ್ನೊಂದು ಸಂಗತಿಯನ್ನು ಗಮನಿಸಿ. ಪುರುಷರಿಗೆ ಈ ಪ್ರಶ್ನೆಯನ್ನು ಕೇಳಲೇ ಇಲ್ಲ. 49 ವರ್ಷ ದಾಟಿದ ಮಹಿಳೆಯರಿಗೂ ಕೇಳಲಿಲ್ಲ. ಕೇಳದೆ ಇರುವವರ ನೋವು ಲೆಕ್ಕಕ್ಕೆ ಬರುವುದಿಲ್ಲ. ಲೆಕ್ಕಕ್ಕೆ ಬಾರದ ನೋವನ್ನು ನಾವು ಇಲ್ಲವೆಂದೇ ತಿಳಿಯುತ್ತೇವೆ.

ಗಂಡುಮಕ್ಕಳ ನೋವು

"ಗಂಡುಹುಡುಗನಿಗೆ ಏನಾಗುತ್ತದೆ?" ಎಂಬುದು ನಮ್ಮ ಮನೆಗಳಲ್ಲಿ ಸಲೀಸಾಗಿ ಬರುವ ಮಾತು. 2007ರಲ್ಲಿ ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯವು 13 ರಾಜ್ಯಗಳ 12,447 ಮಕ್ಕಳನ್ನು ಮಾತನಾಡಿಸಿ ಒಂದು ಅಧ್ಯಯನ ಪ್ರಕಟಿಸಿತು. ಅವರಲ್ಲಿ ನೂರಕ್ಕೆ 53.22 ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯವನ್ನು ಅನುಭವಿಸಿದ್ದರು. ಸುಮಾರು ಐವರಲ್ಲಿ ಒಬ್ಬರು ಅದರ ತೀವ್ರ ಸ್ವರೂಪಗಳಿಗೆ ಈಡಾಗಿದ್ದರು. ದೌರ್ಜನ್ಯಕ್ಕೆ ಒಳಗಾದವರಲ್ಲಿ ನೂರಕ್ಕೆ 52.94 ಮಂದಿ ಗಂಡುಮಕ್ಕಳೇ ಆಗಿದ್ದರು. ಅಪರಾಧಿಗಳಲ್ಲಿ ಅರ್ಧದಷ್ಟು ಮಂದಿ ಮಗು ಬಲ್ಲವರು, ಮಗು ನಂಬಿದವರು. ಬಹುತೇಕ ಮಕ್ಕಳು ಯಾರಿಗೂ ಹೇಳಿರಲಿಲ್ಲ.

ಯುನಿಸೆಫ್ ಸಂಸ್ಥೆಯು 2024ರ ಅಕ್ಟೋಬರ್‌ನಲ್ಲಿ ಜಗತ್ತಿನ ಲೆಕ್ಕವನ್ನು ಮುಂದಿಟ್ಟಿತು. ಇಂದು ಬದುಕಿರುವ ಹೆಣ್ಣುಮಕ್ಕಳು ಹಾಗೂ ಮಹಿಳೆಯರ ಪೈಕಿ 37 ಕೋಟಿಗೂ ಹೆಚ್ಚು ಮಂದಿ, ಅಂದರೆ ಎಂಟು ಮಂದಿಯಲ್ಲಿ ಒಬ್ಬರು, 18 ವರ್ಷದೊಳಗೆ ಅತ್ಯಾಚಾರ ಅಥವಾ ಲೈಂಗಿಕ ಹಲ್ಲೆಗೆ ಒಳಗಾದವರು. ಗಂಡುಮಕ್ಕಳು ಮತ್ತು ಪುರುಷರಲ್ಲಿ ಈ ಸಂಖ್ಯೆ 24ರಿಂದ 31 ಕೋಟಿ. ಸುಮಾರು ಹನ್ನೊಂದು ಮಂದಿಯಲ್ಲಿ ಒಬ್ಬರು. ಹೆಣ್ಣುಮಕ್ಕಳೇ ಹೆಚ್ಚು ನೊಂದವರು, ಸಂಶಯವಿಲ್ಲ. ಗಂಡುಮಕ್ಕಳ ಮಾತೆತ್ತಿ ಹೆಣ್ಣುಮಕ್ಕಳ ಸಂಕಟವನ್ನು ಹಗುರ ಮಾಡುವವರ ಜೊತೆ ನಾನು ನಿಲ್ಲುವುದಿಲ್ಲ. ಆದರೆ ಎಂಟರಲ್ಲಿ ಒಬ್ಬರಿಗಾಗಿ ಮರುಗುವ ಹೃದಯ ಹನ್ನೊಂದರಲ್ಲಿ ಒಬ್ಬನಿಗಾಗಿ ಕಲ್ಲಾಗಬೇಕೇ?

ನಮ್ಮ ಕಾನೂನು ಈ ವಿಷಯದಲ್ಲಿ ಅರ್ಧ ದಾರಿ ಮಾತ್ರ ಬಂದಿದೆ. 2012ರ ಪೋಕ್ಸೊ ಕಾಯಿದೆ ಹೆಣ್ಣು ಗಂಡೆಂಬ ಭೇದವಿಲ್ಲದೆ 18 ವರ್ಷದೊಳಗಿನ ಎಲ್ಲ ಮಕ್ಕಳನ್ನು ರಕ್ಷಿಸುತ್ತದೆ. ಆದರೆ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅತ್ಯಾಚಾರಕ್ಕೆ ಒಳಗಾಗುವವಳು ಮಹಿಳೆ ಮಾತ್ರ. ಹಳೆಯ ದಂಡಸಂಹಿತೆಯ 377ನೆಯ ಕಲಮಿಗೆ ಸಮನಾದುದು ಅದರಲ್ಲಿ ಇಲ್ಲವಾದ್ದರಿಂದ, ಬಲಾತ್ಕಾರಕ್ಕೊಳಗಾದ ವಯಸ್ಕ ಪುರುಷನು ಬಾಗಿಲು ಬಡಿಯಲು ಪ್ರತ್ಯೇಕ ಕಲಮೇ ಇಲ್ಲ. ಪವಿತ್ರ ಗ್ರಂಥವು ಈ ಅರಿವಿನಲ್ಲಿ ನಮಗಿಂತ ಮುಂದಿದೆ. ಪೋಟೀಫರನ ಮನೆಯಲ್ಲಿ ದಾಸನಾಗಿದ್ದ ಜೋಸೆಫನನ್ನು ಯಜಮಾನನ ಹೆಂಡತಿ ದಿನದಿನವೂ ಪೀಡಿಸಿದ್ದನ್ನು, ಅವನು ಒಪ್ಪದಿದ್ದಾಗ ಅವನ ಮೇಲೆಯೇ ಅಪವಾದ ಹೊರಿಸಿ ಸೆರೆಮನೆಗೆ ತಳ್ಳಿಸಿದ್ದನ್ನು ಆದಿಕಾಂಡ ಹೇಳುತ್ತದೆ. ಅಧಿಕಾರ ಒಬ್ಬರ ಕೈಯಲ್ಲಿ, ನಿಸ್ಸಹಾಯಕತೆ ಇನ್ನೊಬ್ಬರ ಪಾಲಿನಲ್ಲಿ ಇರುವಲ್ಲೆಲ್ಲ ಈ ಪಾಪಕ್ಕೆ ಎಡೆಯುಂಟು.

ಮದುವೆಯ ಮರೆಯಲ್ಲಿ

ಮೇಲೆ ಹೇಳಿದ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಲೈಂಗಿಕ ಹಿಂಸೆ ಅನುಭವಿಸಿದ ವಿವಾಹಿತ ಮಹಿಳೆಯರ ಪೈಕಿ ನೂರಕ್ಕೆ 82 ಮಂದಿ ಬೆರಳು ತೋರಿಸಿದ್ದು ತಮ್ಮ ಈಗಿನ ಗಂಡನ ಕಡೆಗೆ. 18 ವರ್ಷ ತುಂಬಿದ ಪತ್ನಿಯ ವಿಷಯದಲ್ಲಿ ಗಂಡನ ಬಲಾತ್ಕಾರವನ್ನು ನಮ್ಮ ಕಾನೂನು ಅತ್ಯಾಚಾರವೆಂದು ಪರಿಗಣಿಸುವುದಿಲ್ಲ. ಆದರೆ ಕ್ರೈಸ್ತ ಗಂಡಂದಿರು ಈ ವಿನಾಯಿತಿಯ ನೆರಳಿನಲ್ಲಿ ಅಡಗಿಕೊಳ್ಳುವಂತಿಲ್ಲ. ಪೋಪ್ ಜಗದ್ಗುರು ಆರನೆಯ ಪೌಲರು 1968ರಲ್ಲಿ ಹೊರಡಿಸಿದ ಹ್ಯುಮಾನೆ ವೀಟೆ ವಿಶ್ವಪತ್ರದಲ್ಲಿ, ಸಂಗಾತಿಯ ಸ್ಥಿತಿಯನ್ನೂ ಇಚ್ಛೆಯನ್ನೂ ಲೆಕ್ಕಿಸದೆ ಹೇರಿದ ದಾಂಪತ್ಯ ಕ್ರಿಯೆಯು ನಿಜವಾದ ಪ್ರೀತಿಯ ಕ್ರಿಯೆಯಲ್ಲವೆಂದು ಸ್ಪಷ್ಟವಾಗಿ ಬೋಧಿಸಿದರು. ಆ ವಿಶ್ವಪತ್ರವೆಂದರೆ ಸಂತಾನ ನಿಯಂತ್ರಣದ ಮಾತೊಂದೇ ಎಂದು ತಿಳಿದವರು ಈ ಭಾಗವನ್ನು ಓದಬೇಕು. ವಿವಾಹ ಸಂಸ್ಕಾರದಲ್ಲಿ ಪೀಠದ ಮುಂದೆ ನುಡಿದ ಒಪ್ಪಿಗೆಯು ಹೆಂಡತಿಯ ದೇಹದ ಕ್ರಯಪತ್ರವಲ್ಲ. ಹೊಂದಿಕೊಂಡು ಹೋಗು ಎಂದು ಮಗಳನ್ನು ಮರಳಿ ಅದೇ ಮನೆಗೆ ಕಳುಹಿಸುವ ತಂದೆತಾಯಿಗಳು, ತಾಮಾರಳನ್ನು ಅಮ್ನೋನನ ಮನೆಗೆ ಕಳುಹಿಸಿದ ದಾವೀದನಿಗಿಂತ ಒಂದು ವಿಷಯದಲ್ಲಿ ಹೆಚ್ಚು ತಪ್ಪಿತಸ್ಥರು. ಅವನಿಗೆ ಮುಂದಾಗುವುದು ತಿಳಿದಿರಲಿಲ್ಲ.

ನಮ್ಮದೇ ಅಂಗಳ

ಗುರುವಾದ ನಾನು ಇಷ್ಟಕ್ಕೇ ನಿಲ್ಲಿಸಿದರೆ ನನ್ನ ಮಾತಿಗೆ ಬೆಲೆಯಿರುವುದಿಲ್ಲ. ಅಮೆರಿಕದ ಧರ್ಮಾಧ್ಯಕ್ಷರ ಕೋರಿಕೆಯಂತೆ ಜಾನ್ ಜೇ ಕಾಲೇಜು ನಡೆಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನವು 1950ರಿಂದ 2002ರವರೆಗೆ ಗುರುಗಳಿಂದ ದೌರ್ಜನ್ಯಕ್ಕೊಳಗಾದೆವೆಂದು ದೂರಿದ 10,667 ಮಂದಿಯನ್ನು ಲೆಕ್ಕಹಾಕಿತು. ಅವರಲ್ಲಿ ನೂರಕ್ಕೆ 81 ಮಂದಿ ಗಂಡುಮಕ್ಕಳು. ಫ್ರಾನ್ಸಿನ ಸ್ವತಂತ್ರ ಆಯೋಗವು 2021ರಲ್ಲಿ, 1950ರಿಂದೀಚೆಗೆ ಗುರುಗಳು ಮತ್ತು ಸಂನ್ಯಾಸಿಗಳಿಂದ ನೊಂದ ಮಕ್ಕಳ ಸಂಖ್ಯೆ ಸುಮಾರು 2,16,000 ಎಂದು ಅಂದಾಜಿಸಿತು. ಇದು ಪರದೇಶದ ರೋಗ ಎನ್ನುವವರಿಗೆ ಉತ್ತರ ನೆರೆಯ ಕೇರಳದಲ್ಲೇ ಇದೆ: 2019ರ ಫೆಬ್ರವರಿಯಲ್ಲಿ ತಲಶ್ಶೇರಿಯ ಪೋಕ್ಸೊ ನ್ಯಾಯಾಲಯವು ಒಬ್ಬ ಗುರುವನ್ನು ಅಪ್ರಾಪ್ತೆಯ ಮೇಲಿನ ಅತ್ಯಾಚಾರದ ಅಪರಾಧಿಯೆಂದು ತೀರ್ಮಾನಿಸಿತು. ಅದೇ ತಿಂಗಳು ಪೋಪ್ ಫ್ರಾನ್ಸಿಸರು, ಗುರುಗಳಿಂದ ಕನ್ಯಾಸ್ತ್ರೀಯರೂ ದೌರ್ಜನ್ಯಕ್ಕೊಳಗಾಗಿದ್ದಾರೆಂದು ಪತ್ರಕರ್ತರ ಮುಂದೆ ಒಪ್ಪಿಕೊಂಡರು.

ಇದನ್ನು ಬರೆಯುವುದರಿಂದ ಧರ್ಮಸಭೆಯ ಹೆಸರು ಕೆಡುವುದಿಲ್ಲವೇ ಎಂದು ಕೆಲವರು ಕೇಳಬಹುದು. ಹೆಸರು ಕೆಡಿಸಿದ್ದು ಅಪರಾಧ, ಮತ್ತು ಅದನ್ನು ಮುಚ್ಚಿದ ಕೈಗಳು. ಬರವಣಿಗೆಯಲ್ಲ. ಪಾಪನಿವೇದನೆಯ ಗೋಪ್ಯ ಪವಿತ್ರವಾದುದು, ಅದನ್ನು ಯಾವ ಗುರುವೂ ಮುರಿಯಲಾರನು. ಆದರೆ ಆ ಗೋಪ್ಯವಿರುವುದು ಸಂಸ್ಕಾರಕ್ಕೆ. ಶಾಲೆಯ, ವಿದ್ಯಾರ್ಥಿನಿಲಯದ, ಧರ್ಮಕೇಂದ್ರದ ಪ್ರತಿಷ್ಠೆಗಲ್ಲ.

ಮೌನಕ್ಕೆ ಕೊಡುವ ಕಾರಣಗಳು

ಸುಮ್ಮನಿರಿ ಎನ್ನುವವರು ಸಾಮಾನ್ಯವಾಗಿ ಮೂರು ಕಾರಣ ಕೊಡುತ್ತಾರೆ.

ಮೊದಲನೆಯದು ಮರ್ಯಾದೆ. ಮನೆತನದ ಮಾನ ಹೋಗುತ್ತದೆ, ನಾಳೆ ಮದುವೆಯಾಗುವುದಿಲ್ಲ ಎನ್ನುತ್ತಾರೆ. ಮಾನ ಹೋಗಬೇಕಾದುದು ಹಿಂಸಿಸಿದವನದ್ದು. ನೊಂದ ಮಗುವಿನ ಗುರುತನ್ನು ಪತ್ರಿಕೆಗಳು ಬಹಿರಂಗಪಡಿಸದಂತೆ ಕಾನೂನೇ ತಡೆದಿದೆ. ಆದ್ದರಿಂದ ಮರ್ಯಾದೆಯ ಈ ನೆಪ ಎಷ್ಟೋ ಸಲ ಕಾಪಾಡುವುದು ಮಗುವನ್ನಲ್ಲ, ಮನೆಯ ಹಿರಿಯನನ್ನು.

ಎರಡನೆಯದು ಕ್ಷಮೆ. ಕ್ರೈಸ್ತರಾದ ನಾವು ಕ್ಷಮಿಸಬೇಕಲ್ಲವೇ ಎಂಬುದು ಕೇಳಲು ಭಕ್ತಿಯ ಮಾತು. ಆದರೆ ಕ್ಷಮಿಸುವ ಅಧಿಕಾರ ನೊಂದವರದ್ದು. ಅವರ ಪರವಾಗಿ ಚಿಕ್ಕಪ್ಪ ದೊಡ್ಡಪ್ಪಂದಿರು ಕುಳಿತು ರಾಜಿ ಮಾಡಿಸುವುದು ಕ್ಷಮೆಯಲ್ಲ. ಪಶ್ಚಾತ್ತಾಪ, ಪರಿಹಾರ, ನ್ಯಾಯದ ಮುಂದೆ ತಲೆಬಾಗುವಿಕೆ ಇವಿಲ್ಲದ ಕ್ಷಮೆಯನ್ನು ಮಗುವಿನ ಮೇಲೆ ಹೇರುವುದು ಎರಡನೆಯ ಹಿಂಸೆ.

ಮೂರನೆಯದು ಸುಳ್ಳು ದೂರಿನ ಭಯ. ಸುಳ್ಳು ದೂರುಗಳು ಇಲ್ಲವೆಂದು ನಾನು ಹೇಳುವುದಿಲ್ಲ. ಜೋಸೆಫನು ಸೆರೆಮನೆ ಸೇರಿದ್ದು ಅಂಥದರಿಂದಲೇ. ಆದರೆ ದಾನಿಯೇಲನ ಗ್ರಂಥದ ಸುಸನ್ನಳನ್ನೂ ನೆನೆಯಿರಿ. ತಪಸ್ಸುಕಾಲದ ಐದನೆಯ ವಾರದ ಸೋಮವಾರ ಆಕೆಯ ಕಥೆಯನ್ನು ಓದಲಾಗುತ್ತದೆ. ಅಲ್ಲಿ ಆಕೆಯನ್ನು ಬೆದರಿಸಿದವರು ನ್ಯಾಯಾಧಿಪತಿಗಳಾಗಿದ್ದ ಇಬ್ಬರು ಹಿರಿಯರು. ಅವರು ಹಿರಿಯರೆಂಬ ಒಂದೇ ಕಾರಣಕ್ಕೆ ಸಭೆ ಅವರನ್ನು ನಂಬಿ ಆಕೆಗೆ ಮರಣದಂಡನೆ ವಿಧಿಸಿತು. ಯುವಕ ದಾನಿಯೇಲನು ಮಾಡಿದ್ದೇನು? ಇಬ್ಬರನ್ನೂ ಬೇರೆಬೇರೆ ನಿಲ್ಲಿಸಿ ವಿಚಾರಿಸಿದನು. ಸುಳ್ಳಿಗೆ ಮದ್ದು ವಿಚಾರಣೆಯೇ ಹೊರತು ಮೌನವಲ್ಲ. ನಿಜವಾಗಿ ನಿರಪರಾಧಿಯಾದವನಿಗೂ ಅದೇ ಆಸರೆ.

ಧರ್ಮಕೇಂದ್ರಗಳು ಮಾಡಬೇಕಾದುದು

ಮೊದಲು, ಮಗು ಹೇಳಿದ್ದನ್ನು ನಡುವೆ ಬಾಯಿಹಾಕದೆ ಕೇಳಿರಿ. ಬೈಯಬೇಡಿ, ನೀನೇಕೆ ಅಲ್ಲಿಗೆ ಹೋದೆ ಎಂದು ಪ್ರಶ್ನಿಸಬೇಡಿ. ತಪ್ಪು ನಿನ್ನದಲ್ಲ ಎಂದು ಹೇಳಿರಿ. ದೇಹದ ಅಂಗಗಳ ಹೆಸರನ್ನೂ, ಬೇಡವೆನಿಸಿದ ಮುಟ್ಟುವಿಕೆಗೆ ಬೇಡವೆಂದು ಹೇಳುವುದನ್ನೂ ಹೆಣ್ಣುಮಕ್ಕಳಿಗೆ ಕಲಿಸಿದಂತೆಯೇ ಗಂಡುಮಕ್ಕಳಿಗೂ ಕಲಿಸಿರಿ. ಮುದ್ದು ಕೊಡಲು ಒಲ್ಲದ ಮಗುವನ್ನು ನೆಂಟರ ಮುಂದೆ ಬಲವಂತಪಡಿಸಬೇಡಿ.

ಎರಡನೆಯದಾಗಿ, ಮಕ್ಕಳ ಮೇಲಿನ ಅಪರಾಧದ ಬಗ್ಗೆ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕೆಂಬುದು ಪೋಕ್ಸೊ ಕಾಯಿದೆಯ 19ನೆಯ ಕಲಮು. ತಿಳಿಸದವರಿಗೆ ಆರು ತಿಂಗಳವರೆಗೆ, ತನ್ನ ಕೈಕೆಳಗಿನವನ ಅಪರಾಧವನ್ನು ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥನಿಗೆ ಒಂದು ವರ್ಷದವರೆಗೆ ಸೆರೆವಾಸ ವಿಧಿಸಬಹುದು. ಇದು ಗುರುಗಳಿಗೂ ಮುಖ್ಯೋಪಾಧ್ಯಾಯರಿಗೂ ಅನ್ವಯಿಸುತ್ತದೆ. ಮಕ್ಕಳ ಸಹಾಯವಾಣಿ 1098, ಮಹಿಳಾ ಸಹಾಯವಾಣಿ 181: ಈ ಎರಡು ಸಂಖ್ಯೆಗಳು ಪ್ರತಿ ದೇವಾಲಯದ ಸೂಚನಾಫಲಕದಲ್ಲಿ, ಪ್ರತಿ ಧರ್ಮೋಪದೇಶ ತರಗತಿಯ ಗೋಡೆಯ ಮೇಲೆ ಇರಲಿ.

ಮೂರನೆಯದಾಗಿ, ವಯಸ್ಕರಿಗೂ ಕಿವಿಗೊಡುವವರು ಬೇಕು. ಐವತ್ತು ವರ್ಷದ ಹಿಂದಿನ ಗಾಯವನ್ನು ಹೊತ್ತ ಮುದುಕ, ಗಂಡನ ಬಲಾತ್ಕಾರದಿಂದ ಬಳಲುವ ಗೃಹಿಣಿ, ಪರರ ಆರೈಕೆಯಲ್ಲಿ ಹಾಸಿಗೆ ಹಿಡಿದ ವೃದ್ಧೆ, ಇವರೆಲ್ಲ ನಮ್ಮ ಭಾನುವಾರದ ಪೀಠಗಳಲ್ಲಿ, ನಮ್ಮ ಬೀದಿಗಳಲ್ಲಿ ಇದ್ದಾರೆ. ಕಿರು ಕ್ರೈಸ್ತ ಸಮುದಾಯದ ಕೂಟಗಳಲ್ಲಿ ವರ್ಷಕ್ಕೊಮ್ಮೆಯಾದರೂ ಈ ಮಾತು ಬರಲಿ.

ದಾವೀದನ ಮನೆಯಲ್ಲಿ ಮೌನ ಶಾಂತಿಯನ್ನು ತರಲಿಲ್ಲ. ಎರಡು ವರ್ಷಗಳ ನಂತರ ಅಬ್ಷಾಲೋಮನು ಅಮ್ನೋನನನ್ನು ಕೊಲ್ಲಿಸಿದನು. ಮುಂದೆ ತಂದೆಯ ವಿರುದ್ಧವೇ ದಂಗೆಯೆದ್ದನು. ತಾಮಾರಳು ಮಾತ್ರ ಅಣ್ಣನ ಮನೆಯಲ್ಲಿ ಒಂಟಿಯಾಗಿ ಉಳಿದಳು. ಆಕೆಗೆ ಏನು ಬೇಕಿತ್ತೆಂದು ಯಾರೂ ಕೇಳಿದಂತಿಲ್ಲ. ನಮ್ಮ ಪ್ರಭು ಯೇಸುವಾದರೋ ಶಿಷ್ಯರು ದೊಡ್ಡವರಾರೆಂದು ವಾದಿಸುತ್ತಿದ್ದಾಗ ಒಂದು ಮಗುವನ್ನು ಕರೆದು ಅವರ ನಡುವೆ ನಿಲ್ಲಿಸಿದರು. ಅಂಥ ಕಿರಿಯರನ್ನು ಎಡವಿಸುವವನಿಗೆ ಬೀಸುವ ಕಲ್ಲನ್ನು ಕೊರಳಿಗೆ ಕಟ್ಟಿಸಿಕೊಂಡು ಕಡಲಿಗೆ ಬೀಳುವುದೇ ಲೇಸು ಎಂದರು. ಶುಭಸಂದೇಶದಲ್ಲಿ ಇದಕ್ಕಿಂತ ಕಠೋರವಾದ ಎಚ್ಚರಿಕೆಗಳು ವಿರಳ. ನಮ್ಮ ಕುಟುಂಬಗಳಲ್ಲಿ, ನಮ್ಮ ಧರ್ಮಕೇಂದ್ರಗಳಲ್ಲಿ ನಡುವೆ ನಿಲ್ಲಬೇಕಾದುದು ಆ ಮಗುವೇ, ಮನೆತನದ ಮಾನವಲ್ಲ.